"ಮೂಳೆ ಸವ್ದೈತಂತೆ" ಅಂದ್ರು, ನಾನು ಮಂಡಿ ಅನ್ಕೊಂಡೆ: ಒಂದು ಇಂಪ್ಲಾಂಟ್ ಕೇಸು

ಬೆಳಗ್ಗೆ ಹತ್ತೂವರೆಗೆ ಹಲ್ಲಿನ ಇಂಪ್ಲಾಂಟ್ ಆಪರೇಷನ್ ಟೈಮ್ ಕೊಟ್ಟಿದ್ದೆ, ಪೇಷಂಟ್ ಹತ್ತಕ್ಕೇ ಬಂದು ಕೂತಿದ್ರು. ಕೈಯಲ್ಲಿ ಒಂದು ವೈರ್ ಬ್ಯಾಗು, ಅದರೊಳಗೆ ಮೆಡಿಕಲ್ ಶಾಪ್‌ನೋರು ಕೊಟ್ಟ ಪುಟ್ಟ ಥರ್ಮಾಕೋಲ್ ಡಬ್ಬಿ. ನಮ್ಮ ರಿಸೆಪ್ಷನ್ ಹುಡುಗಿ ಹತ್ರ "ಇದನ್ನ ಒಂಚೂರು ಫ್ರಿಜ್ನಾಗೆ ಇಡಮ್ಮ, ಇಲ್ಲಿ ಮುಗಿಸ್ಕಂಡು ಹಂಗೇ ಮೂಳೆ ಡಾಕ್ಟ್ರತ್ರ ಹೋಗ್ಬೇಕು, ಆರು ತಿಂಗ್ಳಾತು" ಅಂದ್ರಂತೆ. ಅವಳು ಡಬ್ಬಿ ಹಿಡ್ಕೊಂಡು ಒಳಗೆ ಬಂದು "ಸರ್, ಇದು ಇಡಬಹುದಾ" ಅಂತ ಕೇಳಿದ್ಲು, ನಾನು ಗ್ಲೌಸ್ ಹಾಕ್ಕೊಳ್ತಾ ಇದ್ದೆ, ಏನದು ಅಂತ ಬಗ್ಗಿ ನೋಡಿದ್ರೆ ಡೆನೋಸುಮ್ಯಾಬ್ 60 ಮಿಲಿಗ್ರಾಂ, ಮೂಳೆ ಟೊಳ್ಳಾಗೋ ಕಾಯಿಲೆಗೆ ಕೊಡೋ ಇಂಜೆಕ್ಷನ್, ಮೊದಲೇ ಔಷಧಿ ತುಂಬಿರೋ ಸಿರಿಂಜು. ಗ್ಲೌಸ್ ಬಿಚ್ಚಿ ಕಸದ ಡಬ್ಬಿಗೆ ಹಾಕ್ದೆ.

ಈ ಕೇಸ್ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಅವರನ್ನ ಕೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸರು ಹಾಕಲ್ಲ, ಗುರುತು ಸಿಗೋ ಒಂದೆರಡು ವಿಷಯ ಬದಲಾಯಿಸಿದೀನಿ. ದಾವಣಗೆರೆ ಸೀಮೆಯೋರು, 64 ವರ್ಷ, ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರ್ ಆದೋರು. ಎಡಗಡೆ ಕೆಳಗಿನ ದೊಡ್ಡ ದವಡೆ ಹಲ್ಲು ಒಂದು, ಅದರ ಎದುರಿಗೇ ಮೇಲಿಂದು ಒಂದು, ಎರಡೂ ತೆಗೆಸಿ ಮೂರು ವರ್ಷದ ಮೇಲಾಗಿತ್ತು. ತೆಗೆದು ಹಾಕೋ ಸೆಟ್ಟು ಮಾಡಿಸಿದ್ರು, ಅದು ಬೀರುವಿನಲ್ಲಿ ಡಬ್ಬಿಯೊಳಗೇ ಇತ್ತು. ಪಕ್ಕದ ಹಲ್ಲುಗಳು ಗಟ್ಟಿಯಾಗಿದ್ವು, ಅವನ್ನ ತೇಯ್ದು ಬ್ರಿಡ್ಜ್ ಹಾಕೋದು ಅವರಿಗೂ ಬೇಡ ನನಗೂ ಬೇಡ. "ಖಡಕ್ ರೊಟ್ಟಿ ಬಿಟ್ಟು ಮೂರು ವರ್ಷ ಆತು ಡಾಕ್ಟ್ರೆ, ಸಾರ್ನಾಗೆ ನೆನೆಸ್ಕಂಡು ತಿನ್ನೋದು ರೊಟ್ಟಿ ತಿಂದಂಗಾ?" ಅಂತ ಅವರ ಪ್ರಶ್ನೆ. ಸರಿ, ದವಡೆ ಮೂಳೆಯೊಳಗೆ ಟೈಟಾನಿಯಂ ಬೇರು ಕೂರಿಸಿ ಅದರ ಮೇಲೆ ಹಲ್ಲು ಹಾಕೋದು, ಎರಡು ಇಂಪ್ಲಾಂಟ್ ಅಂತ ಮಾತಾಯ್ತು.

ಮೊದಲ ಸಲ ಬಂದಾಗ ಫಾರ್ಮ್ ತುಂಬಿಸಿದ್ವಿ. ಆ ಫಾರ್ಮ್ ನಾನು ಕ್ಲಿನಿಕ್ ಶುರು ಮಾಡಿದಾಗ ಪ್ರಿಂಟ್ ಹಾಕಿಸಿದ್ದು, ಅದರಲ್ಲಿ ಒಂದು ಸಾಲು, "ತೆಗೆದುಕೊಳ್ಳುತ್ತಿರುವ ಮಾತ್ರೆಗಳು". ಅವರು ದುಂಡಗಿನ ಟೀಚರ್ ಅಕ್ಷರದಲ್ಲಿ "ಬಿ.ಪಿ. ಮಾತ್ರೆ, ದಿನಕ್ಕೆ ಒಂದು" ಅಂತ ಬರೆದಿದ್ರು. ಬಾಯಲ್ಲೂ ಕೇಳ್ದೆ, ಬೇರೆ ಏನಾದ್ರೂ ಗುಳಿಗೆ ಇದಾವಾ ಅಂತ. ಇಲ್ರೀ ಅಂದ್ರು. ಶುಗರ್? ಇಲ್ಲ. ಮತ್ತೇನಾದ್ರೂ ತೊಂದ್ರೆ? "ಮೂಳೆ ಸವ್ದೈತಂತೆ, ವಯಸ್ಸಾತಲ್ಲ." ಅಷ್ಟೊತ್ತಿಗೆ ಅವರು ಚೇರಿನ ಹಿಡಿ ಹಿಡ್ಕೊಂಡು ಮಂಡಿ ಮೇಲೆ ಕೈಯಿಟ್ಟು ಏಳ್ತಾ ಇದ್ರು, ನಾನು ಹ್ಞೂಂ ಅಂದು ಫೈಲ್‌ನಲ್ಲಿ "ಮಂಡಿ ನೋವು" ಅಂತ ಬರ್ದೆ.

ಇಲ್ಲೇ ಎಡವಿದ್ದು. ನಮ್ಮ ಕಡೆ ಮೂಳೆ ಸವೆತ ಅನ್ನೋ ಒಂದೇ ಮಾತು ಎರಡು ಬೇರೆ ಬೇರೆ ಕಾಯಿಲೆಗೆ ಓಡ್ತದೆ. ಮಂಡಿ ಕೀಲಿನ ಮೃದ್ವಸ್ಥಿ ತೇಯೋದಕ್ಕೂ ಅದೇ ಮಾತು, ಮೈಯೆಲ್ಲಾ ಮೂಳೆಯ ಸಾಂದ್ರತೆ ಇಳಿದು ಒಳಗೆ ಟೊಳ್ಳಾಗೋ ಆಸ್ಟಿಯೋಪೊರೋಸಿಸ್‌ಗೂ ಅದೇ ಮಾತು. ಮೊದಲನೇದು ನಮ್ಮ ಹಲ್ಲಿನ ಕೆಲಸಕ್ಕೆ ಹೆಚ್ಚೇನೂ ಸಂಬಂಧ ಇಲ್ಲ, ಎರಡನೇದು ಇದೆ. ಪುಸ್ತಕದಲ್ಲಿ ಅಸ್ಥಿರಂಧ್ರತೆ ಅಂತ ಬರೀತಾರೆ, ಆ ಪದ ಹೇಳ್ಕೊಂಡು ಕ್ಲಿನಿಕ್ಕಿಗೆ ಬಂದ ಪೇಷಂಟ್ ಒಬ್ಬರನ್ನೂ ನಾನು ನೋಡಿಲ್ಲ.

ಅವರು ಹೇಳದೇ ಇದ್ರೂ ಎರಡೂ ದವಡೆ ಒಟ್ಟಿಗೆ ತೋರಿಸೋ ಓಪಿಜಿ ಎಕ್ಸ್‌ರೇ ಹೇಳಿತ್ತು ಅನ್ನೋದು ಇನ್ನೂ ಬೇಜಾರಿನ ವಿಷಯ. ಕೆಳದವಡೆಯ ಕೆಳ ಅಂಚಲ್ಲಿ ಒಂದು ಬಿಳಿ ಗೆರೆ ಕಾಣುತ್ತಲ್ಲ, ಗಟ್ಟಿ ಮೂಳೆಯ ಪಟ್ಟಿ, ಆರೋಗ್ಯವಾಗಿರೋರಲ್ಲಿ ಅದು ದಪ್ಪಗೆ, ಒಳ ಅಂಚು ಸ್ಕೇಲ್ ಇಟ್ಟು ಎಳೆದಂಗೆ ನೀಟಾಗಿರ್ತದೆ. 1994ರಲ್ಲೇ ಕ್ಲೆಮೆಟ್ಟಿ ಮತ್ತವರ ಜೊತೆಯೋರು ಇದನ್ನ ಮೂರು ದರ್ಜೆ ಮಾಡಿಟ್ಟಿದಾರೆ, ಮೂರನೇದರಲ್ಲಿ ಆ ಪಟ್ಟಿ ಗೆದ್ದಲು ತಿಂದಂಗೆ ಪದರ ಪದರವಾಗಿ ತೂತು ತೂತು. ಗಲ್ಲದ ಪಕ್ಕ ನರ ಹೊರಗೆ ಬರೋ ರಂಧ್ರದ ಕೆಳಗೆ ಅಳೆದು 3 ಮಿಲಿಮೀಟರ್‌ಗಿಂತ ಕಡಿಮೆ ಬಂದ್ರೆ ಮೂಳೆ ಸಾಂದ್ರತೆ ಚೆಕ್ ಮಾಡಿಸಿ ಅಂತ ಕಳಿಸೋದು ವಾಡಿಕೆ. ಇವರದ್ದು ಆಮೇಲೆ ಅಳೆದ್ರೆ 2.4. ಎಕ್ಸ್‌ರೇ ನೋಡಿದ ದಿನ ನನ್ನ ಕಣ್ಣು ನೇರ ನರದ ಕಾಲುವೆಗೆ ಹೋಗಿತ್ತು, ಎತ್ತರ ಎಷ್ಟಿದೆ, ಎಷ್ಟು ಉದ್ದದ ಇಂಪ್ಲಾಂಟ್ ಹಿಡಿಸುತ್ತೆ, ಅಷ್ಟೇ.

ಆವತ್ತು ಆಪರೇಷನ್ ಬಿಟ್ಟು ಅವರ ಜೊತೆ ಮುಕ್ಕಾಲು ಗಂಟೆ ಕೂತೆ, ಒಂದೊಂದಾಗಿ ಹೊರಗೆ ಬಂತು. ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಅಂಗಳ ತೊಳೀತಾ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡಿದ್ರು. ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಮೂಳೆ ಮುರೀತು ಅಂದ್ರೆ ಅನುಮಾನ ಪಡ್ಲೇಬೇಕು, ಅವರ ಮೂಳೆ ಡಾಕ್ಟ್ರು ಪಟ್ಟಿದ್ರು, ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ರು. ಟಿ-ಸ್ಕೋರ್, ಅಂದ್ರೆ ಆರೋಗ್ಯವಾಗಿರೋ ಹರೆಯದೋರ ಮೂಳೆಗೆ ಹೋಲಿಸಿ ಕೊಡೋ ಅಂಕ, ಬೆನ್ನಲ್ಲಿ ಮೈನಸ್ 3.2, ಸೊಂಟದಲ್ಲಿ ಮೈನಸ್ 2.7. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಆಸ್ಟಿಯೋಪೊರೋಸಿಸ್. ಮೊದಲು ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಕೊಟ್ಟಿದ್ರು, ಖಾಲಿ ಹೊಟ್ಟೇಲಿ ಒಂದು ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು ಅನ್ನೋ ಮಾತ್ರೆ ಅದು, ಏಳು ತಿಂಗಳು ತಗೊಂಡು ಎದೆ ಉರಿ ತಡೀಲಾರದೆ ಬಿಟ್ರಂತೆ. ಆಮೇಲೆ ಆರು ತಿಂಗಳಿಗೊಂದು ಚರ್ಮದ ಕೆಳಗೆ ಹಾಕೋ ಈ ಇಂಜೆಕ್ಷನ್. ಮೂರು ಆಗಿದ್ವು, ಆವತ್ತಿಂದು ನಾಲ್ಕನೇದು. "ನನಗೆ ಹೇಳ್ಲಿಲ್ವಲ್ಲಮ್ಮ" ಅಂದ್ರೆ, "ನೀವು ಗುಳಿಗೆ ಕೇಳಿದ್ರಿ, ಇದು ಗುಳಿಗೆ ಅಲ್ವಲ್ಲ" ಅಂದ್ರು. ಏನಂತ ಉತ್ತರ ಕೊಡೋದು? ಸರಿಯಾಗೇ ಹೇಳಿದ್ರು.

ಈಗ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ "ಆಸ್ಟಿಯೋಪೊರೋಸಿಸ್ ಇದ್ರೆ ಇಂಪ್ಲಾಂಟ್ ನಿಲ್ಲಲ್ಲ" ಅಂತ ಸುಮ್ನೆ ಓಡಾಡೋ ಮಾತೊಂದಿದೆ. ಇಂಪ್ಲಾಂಟ್ ನಿಲ್ಲೋದು ಟೈಟಾನಿಯಂ ಮೈಗೆ ಮೂಳೆ ನೇರವಾಗಿ ಬೆಸೆದ್ಕೊಳ್ಳೋದ್ರಿಂದ. ಸ್ವೀಡನ್ನಿನ ಬ್ರಾನೆಮಾರ್ಕ್ ಮೊಲದ ಕಾಲಲ್ಲಿ ಟೈಟಾನಿಯಂ ಕೊಳವೆ ಇಟ್ಟು ಬೇರೇನೋ ಪ್ರಯೋಗ ಮಾಡ್ತಿರುವಾಗ ಅದನ್ನ ವಾಪಸ್ ಕೀಳೋಕೇ ಆಗ್ದೆ ಕಂಡ್ಕೊಂಡಿದ್ದು ಇದು, 1965ರಲ್ಲಿ ಮೊದಲ ಸಲ ಮನುಷ್ಯನ ಬಾಯಿಗೆ ಹಾಕಿದ್ದು ಆ ರೋಗಿ 2006ರಲ್ಲಿ ತೀರ್ಕೊಳ್ಳೋ ತನಕ ಉಳೀತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ತಿನ್ನೋ ಜೀವಕೋಶಗಳ ಕೈ ಮೇಲಾಗ್ತದೆ, ಕಟ್ಟೋ ಜೀವಕೋಶ ಹಿಂದೆ ಬೀಳ್ತಾವೆ. ಅದರಿಂದ ಒಳಗಿನ ಜೇಡರ ಬಲೆ ಥರದ ಮೂಳೆ ತೆಳ್ಳಗಾಗಿ ಇಂಪ್ಲಾಂಟ್‌ಗೆ ಮೊದಲ ದಿನದ ಹಿಡಿತ ಕಡಿಮೆ ಸಿಗಬಹುದು, ಬೆಸುಗೆ ನಿಧಾನ ಆಗಬಹುದು. ಆದ್ರೆ ಇಲ್ಲಿ ತನಕ ಬಂದ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದೋರಿಗೆ ಇಂಪ್ಲಾಂಟ್ ಉಳಿಯೋದ್ರಲ್ಲಿ ದೊಡ್ಡ ವ್ಯತ್ಯಾಸ ಸಿಕ್ಕಿಲ್ಲ, ಸುತ್ತಲಿನ ಮೂಳೆ ಸ್ವಲ್ಪ ಜಾಸ್ತಿ ಇಳಿಯೋದು ಕಂಡಿದೆ ಅಷ್ಟೇ. ಹಂಗಾಗಿ ಕಾಯಿಲೆ ಒಂದೇ ಆಗಿದ್ರೆ ನಾನು ಗ್ಲೌಸ್ ಬಿಚ್ತಿರ್ಲಿಲ್ಲ.

ಬಿಚ್ಚಿದ್ದು ಔಷಧಿ ನೋಡಿ. ಅಲೆಂಡ್ರೊನೇಟ್, ಜೊಲೆಡ್ರೊನೇಟ್, ಡೆನೋಸುಮ್ಯಾಬ್ ಇವೆಲ್ಲಾ ಮೂಳೆ ತಿನ್ನೋ ಜೀವಕೋಶವನ್ನ ಕಟ್ಟಿಹಾಕೋ ಔಷಧಿಗಳು. ಬೆನ್ನು ಸೊಂಟಕ್ಕೆ ಅದು ವರ. ಆದ್ರೆ ಗಾಯ ಆದ ಮೂಳೆ ರಿಪೇರಿ ಆಗಬೇಕಾದ್ರೆ ಹಳೇ ಗೋಡೆ ಕೆಡವೋರೂ ಬೇಕಲ್ಲ, ಕೆಡವೋ ಆಳನ್ನೇ ಕಟ್ಟಿಹಾಕಿದ್ರೆ ಹೊಸದು ಕಟ್ಟೋದೂ ನಿಂತೋಗ್ತದೆ. ದವಡೆ ಮೂಳೆ ದೇಹದಲ್ಲೇ ತುಂಬಾ ಬೇಗ ಹಳೇದು ಹೋಗಿ ಹೊಸದು ಬರೋ ಜಾಗ, ಮೇಲೆ ತೆಳ್ಳನೆ ವಸಡು, ಸುತ್ತ ಬ್ಯಾಕ್ಟೀರಿಯಾ. ಅಪರೂಪಕ್ಕೆ ಕೆಲವರಲ್ಲಿ ಹಲ್ಲು ಕಿತ್ತ ಜಾಗ ಮುಚ್ಚದೆ ಮೂಳೆ ಸತ್ತು ಹೊರಗೆ ಕಾಣ್ತಾ ಉಳೀತದೆ, ಎಂಟು ವಾರ ದಾಟಿದ್ರೂ ಮುಚ್ಚಲಿಲ್ಲ ಅಂದ್ರೆ ಅದಕ್ಕೆ ಔಷಧಿಯಿಂದಾದ ದವಡೆ ಮೂಳೆ ಸಾವು ಅಂತಾರೆ. 2003ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ಮಾರ್ಕ್ಸ್ 36 ಕೇಸ್ ಇಟ್ಟು ಬರೆದಾಗ ನಮ್ಮ ಫೀಲ್ಡಿಗೆ ಎಚ್ಚರ ಆಯ್ತು. ಆದ್ರೆ ಇಂಥದ್ದೇ ಒಂದು ಕಾಯಿಲೆ 19ನೇ ಶತಮಾನದಲ್ಲೇ ಇತ್ತು, ಇಂಗ್ಲೆಂಡಿನ ಬೆಂಕಿಪೊಟ್ಟಣ ಫ್ಯಾಕ್ಟರಿಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಹೆಂಗಸರ ದವಡೆ ಹಿಂಗೇ ಕೊಳೀತಿತ್ತು. ಕೊನೆಗೆ 1906ರ ಬರ್ನ್ ಒಪ್ಪಂದದಲ್ಲಿ ಬೆಂಕಿಕಡ್ಡಿಗೆ ಆ ರಂಜಕ ಬಳಸೋದನ್ನೇ ನಿಷೇಧ ಮಾಡಿದ್ರು.

ಹೆದರಿಸೋಕೆ ಹೇಳ್ತಿಲ್ಲ, ಲೆಕ್ಕ ನೋಡಿ. ಅಮೆರಿಕದ ಬಾಯಿ ದವಡೆ ಸರ್ಜನ್‌ಗಳ ಸಂಘ 2022ರಲ್ಲಿ ಕೊಟ್ಟ ಅಂದಾಜಿನಲ್ಲಿ ಆಸ್ಟಿಯೋಪೊರೋಸಿಸ್‌ಗೆ ಮಾತ್ರೆ ತಗೊಳ್ಳೋರಲ್ಲಿ ಈ ತೊಂದರೆ 10,000ಕ್ಕೆ ಐದರೊಳಗೆ, ಡೆನೋಸುಮ್ಯಾಬ್ ತಗೊಳ್ಳೋರಲ್ಲಿ 10,000ಕ್ಕೆ 4ರಿಂದ 30. ಕ್ಯಾನ್ಸರ್ ಮೂಳೆಗೆ ಹಬ್ಬಿದೋರಿಗೆ ಇದೇ ಜಾತಿ ಔಷಧಿ ತಿಂಗಳು ತಿಂಗಳು ದೊಡ್ಡ ಡೋಸಲ್ಲಿ ಕೊಡ್ತಾರೆ, ಅಲ್ಲಿ ಅಪಾಯ ಎಷ್ಟೋ ಪಟ್ಟು ಜಾಸ್ತಿ, ಅವರಿಗೆ ಇಂಪ್ಲಾಂಟ್ ಮಾತೇ ಬೇಡ. ಇವರದ್ದು ಆ ಸಾಲಲ್ಲ. ಮಾಡಬಹುದು, ಆದ್ರೆ ಯಾವತ್ತು ಮಾಡ್ತೀವಿ ಅನ್ನೋದೇ ಮುಖ್ಯ.

ಅಷ್ಟರಲ್ಲಿ ಬೆಂಗಳೂರಿಂದ ಮಗನ ಫೋನ್. ಅವರ ಆಫೀಸ್ ಹತ್ರದ ಯಾರೋ ಡೆಂಟಿಸ್ಟ್ ಹೇಳಿದ್ರಂತೆ, "ಇಂಜೆಕ್ಷನ್ ಒಂದು ವರ್ಷ ನಿಲ್ಲಿಸಿ, ಬಾಡಿ ಕ್ಲೀನ್ ಆದ್ಮೇಲೆ ಇಂಪ್ಲಾಂಟ್ ಮಾಡಿಸಿ" ಅಂತ. ಕೇಳಿದ್ರೆ ಬುದ್ಧಿವಂತಿಕೆ ಮಾತು ಅನ್ಸುತ್ತೆ. ಆದ್ರೆ ಅಲೆಂಡ್ರೊನೇಟ್ ಜಾತಿ ಔಷಧಿ ಮೂಳೆಯೊಳಗೇ ಕೂತು ವರ್ಷಗಟ್ಟಲೆ ಇರ್ತದೆ, ಸ್ವಲ್ಪ ದಿನ ಬಿಟ್ರೂ ಬೆನ್ನಿಗೆ ತಕ್ಷಣ ಏನೂ ಆಗಲ್ಲ. ಡೆನೋಸುಮ್ಯಾಬ್ ಹಂಗಲ್ಲ, ಅದು ಮೂಳೆಯಲ್ಲಿ ನಿಲ್ಲೋದೇ ಇಲ್ಲ, ಆರು ತಿಂಗಳಿಗೆ ಶಕ್ತಿ ಮುಗೀತದೆ, ಮುಂದಿನ ಡೋಸ್ ತಪ್ಪಿದ್ರೆ ಕಟ್ಟಿಹಾಕಿದ್ದ ಜೀವಕೋಶಗಳೆಲ್ಲಾ ಹಗ್ಗ ಬಿಚ್ಚಿದ ಕರುಗಳ ಥರ ಒಟ್ಟಿಗೇ ನುಗ್ತಾವೆ. ಗಳಿಸಿದ ಸಾಂದ್ರತೆ ಬೇಗನೇ ಕರಗುತ್ತೆ, ಬೆನ್ನುಮೂಳೆಯ ಒಂದಲ್ಲ ಎರಡು ಮೂರು ಮಣಿ ಒಟ್ಟಿಗೆ ಕುಸಿದ ಕೇಸ್‌ಗಳು ವರದಿಯಾಗಿದಾವೆ. ಅವರ ಮೂಳೆ ಡಾಕ್ಟ್ರಿಗೆ ಫೋನ್ ಹಚ್ಚಿದೆ, ಪೂರ್ತಿ ಕೇಳಿ ಅವರು ಹೇಳಿದ್ದು ಒಂದೇ ಮಾತು, "ಎರಡು ಹಲ್ಲಿಗೋಸ್ಕರ ಬೆನ್ನು ಮುರಿಬ್ಯಾಡ್ರಿ ಸ್ವಾಮಿ."

ಮಗ ಇನ್ನೊಂದು ಕೇಳಿದ್ರು, ರಕ್ತದಲ್ಲಿ ಸಿಟಿಎಕ್ಸ್ ಅಂತ, ಮೂಳೆ ಎಷ್ಟು ಕರಗ್ತಿದೆ ಅಂತ ತೋರಿಸೋ ಟೆಸ್ಟ್ ಮಾಡಿಸಿ 150 ದಾಟಿದ್ರೆ ಸೇಫ್ ಅಂತಲ್ಲ ಅಂತ. ಒಂದು ಕಾಲದಲ್ಲಿ ಹೇಳ್ತಿದ್ರು, ಈಗ ಅದನ್ನ ನಂಬಿ ತೀರ್ಮಾನ ತಗೊಳ್ಳಲ್ಲ. ಮಾಡಿಸ್ಲಿಲ್ಲ.

ಕ್ಯಾಲೆಂಡರ್ ಮುಂದಿಟ್ಕೊಂಡು ಕೂತ್ವಿ, ಅದು ಡಿಸೆಂಬರ್. ಲೆಕ್ಕ ಹಿಂಗೆ: ಇಂಜೆಕ್ಷನ್ ಆಗಿ ಮೂರು ನಾಲ್ಕು ತಿಂಗಳಿಗೆ ಅದರ ಬಿಗಿ ಸ್ವಲ್ಪ ಸಡಿಲ ಆಗಿರ್ತದೆ, ಆವಾಗ ಆಪರೇಷನ್ ಮಾಡಿದ್ರೆ ಮುಂದಿನ ಡೋಸಿನ ಹೊತ್ತಿಗೆ ವಸಡು ಮುಚ್ಚಿ ಮೂಳೆ ಮಾಯೋಕೆ ಆರೆಂಟು ವಾರ ಸಿಕ್ಕಿರ್ತದೆ, ಇಂಜೆಕ್ಷನ್ ಒಂದು ದಿನವೂ ತಡ ಆಗಲ್ಲ. ಆವತ್ತೇ ಹೋಗಿ ನಾಲ್ಕನೇ ಡೋಸ್ ಹಾಕಿಸ್ಕೊಂಡ್ರು, ಆಪರೇಷನ್ ಮಾರ್ಚ್ ಕೊನೇ ವಾರಕ್ಕೆ, ಐದನೇ ಡೋಸ್ ಜೂನ್‌ಗೆ. ಟೀಚರಮ್ಮ ತಮ್ಮ ಡೈರಿಯಲ್ಲಿ ಮೂರೂ ತಾರೀಖು ಬರ್ಕೊಂಡ್ರು.

ಮಧ್ಯದ ಮೂರು ತಿಂಗಳು ಸುಮ್ನೆ ಕೂರ್ಲಿಲ್ಲ. ವಿಟಮಿನ್ ಡಿ ನೋಡಿಸಿದ್ರೆ 14. ದಾವಣಗೆರೆ ಬಿಸಿಲಲ್ಲಿ ಇದ್ಕೊಂಡು 14! ಆದ್ರೆ ಅವರು ಹೊರಗೆ ಬರೋದೇ ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಮೈತುಂಬಾ ಸೀರೆ ಸೆರಗು ಹೊದ್ಕೊಂಡು, ಇನ್ನೆಲ್ಲಿಂದ ಬರ್ಬೇಕು. ಅವರ ಡಾಕ್ಟ್ರು ವಾರಕ್ಕೊಂದು 60,000 ಯೂನಿಟ್ ಎಂಟು ವಾರ ಕೊಟ್ರು, 33ಕ್ಕೆ ಬಂತು. ಊಟದ ವಿಷ್ಯಕ್ಕೆ ಬಂದ್ರೆ ಇವರದ್ದು ಮೂರು ಹೊತ್ತೂ ಜೋಳ. ಜೋಳದಲ್ಲಿ 100 ಗ್ರಾಂಗೆ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 350ರ ಆಸುಪಾಸು ಇದೆ, ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ ಬೇಕಾಗಿರೋದು 1200. "ಮುದ್ದೆ ನಮಗೆ ಗಂಟ್ಲಾಗೆ ಇಳಿಯಲ್ಲ" ಅಂದ್ರು, ಕೊನೆಗೆ ರಾಗಿ ಅಂಬಲಿ ಮತ್ತೆ ಮಜ್ಜಿಗೆಗೆ ಒಪ್ಕೊಂಡ್ರು. ಹಲ್ಲು ಕ್ಲೀನ್ ಮಾಡಿದ್ವಿ. ಬಲಗಡೆ ಒಂದು ಹಲ್ಲು ಆಳಕ್ಕೆ ಹುಳುಕಾಗಿತ್ತು, ಬೇರೆ ಟೈಮಲ್ಲಾಗಿದ್ರೆ ಕಿತ್ತು ಹಾಕೋಣ ಅಂತಿದ್ದೆನೋ ಏನೋ, ಇಲ್ಲಿ ರೂಟ್ ಕೆನಾಲ್ ಮಾಡಿ ಉಳಿಸ್ದೆ, ದವಡೆ ಮೂಳೆ ಸಾಯೋಕೆ ತುಂಬಾ ಸಲ ನೆಪ ಆಗೋದೇ ಹಲ್ಲು ಕೀಳೋದು.

ಮಾರ್ಚಲ್ಲಿ ಆಪರೇಷನ್. ಕೆಳದವಡೆ ಡ್ರಿಲ್ ಮಾಡುವಾಗ ಮೇಲ್ಪದರ ಸ್ವಲ್ಪ ಎದುರು ನಿಂತ್ಕೊಳ್ತು, ಒಳಗೆ ಮೆತ್ತಗಿತ್ತು, ಆದ್ರೂ ಮೂಳೆ ಕೊರೀತಿದೀನಿ ಅಂತ ಕೈಗೆ ಗೊತ್ತಾಗ್ತಿತ್ತು. ಮೇಲ್ದವಡೆ ಬೇರೇನೇ. ಡ್ರಿಲ್ ಇಡ್ತಿದ್ದಂಗೇ ಒಳಗೆ ಇಳೀತು, ಬೆಂಡಿಗೆ ಮೊಳೆ ಚುಚ್ಚಿದಂಗೆ, ಸದ್ದೂ ಇಲ್ಲ. ಮೇಲಿನ ಹಿಂಬದಿ ದವಡೆ ಎಲ್ಲರಲ್ಲೂ ಮೆತ್ತಗೇ, ಇವರಲ್ಲಿ ಇನ್ನೂ ಮೆತ್ತಗೆ. ಅಲ್ಲಿ ಡ್ರಿಲ್‌ನ ಉಲ್ಟಾ ತಿರುಗಿಸಿ, ಮೂಳೆನ ಕೆತ್ತಿ ತೆಗೆಯೋ ಬದಲು ಸುತ್ತ ಒತ್ತಿ ಗಟ್ಟಿ ಮಾಡ್ತಾ ಹೋದೆ, ತೂತು ಬೇಕಾದ್ದಕ್ಕಿಂತ ಒಂದು ಸೈಜ್ ಚಿಕ್ಕದೇ ಬಿಟ್ಟು ಬುಡ ಚೂಪಾಗಿರೋ ಇಂಪ್ಲಾಂಟ್ ತಿರುಗಿಸಿದೆ. ಕೆಳಗೆ 35 ನ್ಯೂಟನ್ ಸೆಂಟಿಮೀಟರ್ ಬಿಗಿ ಬಂತು, ಮೇಲೆ 20ಕ್ಕೇ ನಿಂತಿತು. ಹಿಡಿತ ಅಳೆಯೋ ಐಎಸ್‌ಕ್ಯೂ ಅಂತ ಒಂದಿದೆ, 100ರೊಳಗಿನ ನಂಬರು, 70 ಬಂದ್ರೆ ನಿರಾಳ, 60ಕ್ಕಿಂತ ಕೆಳಗಿದ್ರೆ ಮುಟ್ಟಕ್ಕೆ ಹೋಗಬೇಡಿ ಅನ್ನೋ ಅರ್ಥ. ಕೆಳಗೆ 71, ಮೇಲೆ 55. ಎರಡನ್ನೂ ವಸಡಿನ ಕೆಳಗೆ ಮುಚ್ಚಿ ಹೊಲಿಗೆ ಹಾಕ್ದೆ. ಹಿಂದಿನ ದಿನದಿಂದ ಅಮಾಕ್ಸಿಸಿಲಿನ್, ಆಮೇಲೆ ಕ್ಲೋರ್‌ಹೆಕ್ಸಿಡಿನ್ ನೀರು ಮುಕ್ಕಳಿಸೋದು.

ಐದನೇ ವಾರ ರಾತ್ರಿ ಒಂಬತ್ತಕ್ಕೆ ಫೋನ್. "ಡಾಕ್ಟ್ರೆ, ಮ್ಯಾಲಿಂದ್ರಾಗೆ ನಾಲಿಗೆಗೆ ಏನೋ ಗಟ್ಟಿ ತಾಕ್ತೈತಿ." ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಮೂಳೆ ಸಾವು ಶುರುವಾಗೋದೂ ಹಿಂಗೇ, ನಾಲಿಗೆಗೆ ಗಟ್ಟಿ ತಾಕೋದ್ರಿಂದ. ಬೆಳಗ್ಗೆ ಮೊದಲನೇ ಪೇಷಂಟ್ ಅವರೇ. ವಸಡು ಒಂದೆರಡು ಮಿಲಿಮೀಟರ್ ಬಾಯಿ ಬಿಟ್ಟಿತ್ತು, ಒಳಗೆ ಏನೋ ಬೂದು ಬಣ್ಣ. ಪ್ರೋಬ್ ತುದಿಯಲ್ಲಿ ಮೆಲ್ಲಗೆ ತಟ್ಟಿದೆ, ಟಿಣ್ ಅಂತು. ಲೋಹ. ಇಂಪ್ಲಾಂಟ್ ಮೇಲೆ ಮುಚ್ಚಿದ್ದ ಸಣ್ಣ ಸ್ಕ್ರೂ ಇಣುಕಿತ್ತು ಅಷ್ಟೇ, ಮೂಳೆ ಎಲ್ಲೂ ಕಾಣ್ತಿರ್ಲಿಲ್ಲ, ಕೀವಿಲ್ಲ, ನೋವಿಲ್ಲ. ಇಂಪ್ಲಾಂಟ್ ಹಾಕೋರಿಗೆ ಇದು ಮಾಮೂಲಿ, ಬೇರೆಯವರಲ್ಲಾಗಿದ್ರೆ ನಾನು ಫೋನಲ್ಲೇ ಬಿಡಿ ಏನಾಗಲ್ಲ ಅಂತಿದ್ದೆ. ಜೆಲ್ ಹಚ್ಚೋಕೆ ಹೇಳಿ ವಾರ ವಾರ ಕರೆಸಿದೆ. ಎಂಟು ವಾರಕ್ಕೆ ಸುತ್ತಲಿನ ವಸಡು ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಜೂನ್ ಇಂಜೆಕ್ಷನ್ ಧಾರಾಳವಾಗಿ ಹಾಕಿ ಅಂತ ಮೂಳೆ ಡಾಕ್ಟ್ರಿಗೆ ಚೀಟಿ ಬರೆದು ಕೊಟ್ಟೆ.

ನಾಲ್ಕು ತಿಂಗಳಿಗೆ ಕೆಳಗಿನದು 76ಕ್ಕೆ ಏರಿತ್ತು, ಹಲ್ಲು ಕೂರಿಸಿದೆ. ಮೇಲಿಂದು 60. ಮಗ ಅಷ್ಟೊತ್ತಿಗೆ "ಎರಡೂ ಒಟ್ಟಿಗೆ ಮುಗಿಸಿಬಿಡಿ ಸರ್" ಅಂತಿದ್ರು, ಒಪ್ಪಲಿಲ್ಲ. ಏಳು ತಿಂಗಳಿಗೆ 67 ಬಂತು, ಆಗಲೂ ನೇರ ಗಟ್ಟಿ ಹಲ್ಲು ಹಾಕ್ದೆ ಎರಡು ತಿಂಗಳು ಅಕ್ರಿಲಿಕ್ ಹಲ್ಲು ಕೂರಿಸಿ ಅನ್ನ, ಚಪಾತಿ ಅಷ್ಟೇ ಅಗಿಸಿದೆ, ಮೂಳೆಗೆ ಭಾರ ಸ್ವಲ್ಪ ಸ್ವಲ್ಪ ಅಭ್ಯಾಸ ಆಗ್ಲಿ ಅಂತ. ಆಮೇಲೆ ಜಿರ್ಕೋನಿಯಾದ ಗಟ್ಟಿ ಹಲ್ಲು. ಒಂದು ವರ್ಷದ ಎಕ್ಸ್‌ರೇಯಲ್ಲಿ ಸುತ್ತಲಿನ ಮೂಳೆ ಕೆಳಗೆ 0.6, ಮೇಲೆ 1.1 ಮಿಲಿಮೀಟರ್ ಇಳಿದಿದೆ. ಮೊದಲ ವರ್ಷಕ್ಕೆ ಒಂದೂವರೆ ತನಕ ನಡೆಯುತ್ತೆ, ಆದ್ರೂ ಮೇಲಿನದ್ದರ ಮೇಲೆ ನನಗೆ ಒಂದು ಕಣ್ಣಿದೆ. ಇಂಪ್ಲಾಂಟ್ ಚೆನ್ನಾಗಿ ಕೂತ್ಮೇಲೂ ಇಂಥ ಔಷಧಿ ತಗೊಳ್ಳೋರಲ್ಲಿ ವರ್ಷಗಳಾದ ಮೇಲೆ ಅದರ ಸುತ್ತಲೇ ತೊಂದರೆ ಎದ್ದಿದ್ದು ಇದೆ, ಅದಕ್ಕೇ ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ತಪ್ಪಿಸಂಗಿಲ್ಲ. ಅವರು ಅದನ್ನೂ ಡೈರಿಯಲ್ಲಿ ಇಂಜೆಕ್ಷನ್ ತಾರೀಖಿನ ಪಕ್ಕದಲ್ಲೇ ಬರ್ಕೊಂಡಿದಾರೆ. ಖಡಕ್ ರೊಟ್ಟಿ ನಡೀತಿದೆ, ನಾನು ಬೇಡ ಅಂದಿದ್ದ ತಿಂಗಳಲ್ಲೂ ನಡೆದಿತ್ತು ಅಂತ ಸೊಸೆ ಆಮೇಲೆ ಹೇಳಿದ್ರು.

ಫಾರ್ಮ್ ಬದಲಾಯಿಸಿದೆ. ಬಿದ್ದು ಮೂಳೆ ಮುರಿದಿದ್ಯಾ, ತಿಂಗಳಿಗೋ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಏನಾದ್ರೂ ಇಂಜೆಕ್ಷನ್ ಇಲ್ಲಾ ಡ್ರಿಪ್ ಹಾಕಿಸ್ಕೊಳ್ತೀರಾ, ಸ್ಟೀರಾಯ್ಡ್ ತಗೊಂಡಿದೀರಾ, ಹಿಂದೆ ತಗೊಂಡು ಬಿಟ್ಟ ಔಷಧಿ ಯಾವುದು, ಎಲ್ಲಾ ಸೇರಿಸಿದೆ. ಪ್ರಿಂಟಿಗೆ ಕೊಡೋ ಮುಂಚೆ ಕಳೆದ ಸಲ ಬಂದಾಗ ಟೀಚರಮ್ಮನ ಕೈಗೇ ಕೊಟ್ಟೆ, ಕನ್ನಡಕ ಏರಿಸ್ಕೊಂಡು ಓದಿದ್ರು, ಎರಡು ಕಾಗುಣಿತ ತಿದ್ದಿದ್ರು, "ಮೂಳೆ ಸವೆತ ಇದೆಯೇ?" ಅನ್ನೋ ಸಾಲಿನ ಮುಂದೆ ಪೆನ್ನಲ್ಲಿ ಗೀಟು ಹಾಕಿ ಬರೆದ್ರು, "ಯಾವ ಮೂಳೆ?"